ಶಹಾಪುರ ಸೀಮೆಯ ಮನೆಗಳಲ್ಲಿ ಸಂಗ್ರಹದ ಓರಣ

ಕನ್ನಡದಲ್ಲಿ ‘ಓರಣ’ ಎಂಬ ಮಾತಿಗೆ ಸಾಲು, ಪಂಕ್ತಿ ಎಂಬುದು ಒಂದು ಅರ್ಥ. ಅಚ್ಚುಕಟ್ಟು, ಅಂದವಾದ ಕ್ರಮ ಎಂಬುದು ಇನ್ನೊಂದು. ಒಂದರ ಮಗ್ಗುಲಲ್ಲಿ ಇನ್ನೊಂದನ್ನು ಅದರದರ ನೆಲೆಯಲ್ಲಿಟ್ಟಾಗ ಹುಟ್ಟುವ ಚೆಲುವನ್ನು ಈ ಮಾತು ಹೇಳುತ್ತದೆ. ಮರದ ಸಾಮಾನುಗಳಿದ್ದಲ್ಲದೆ ಓರಣವಿರದೆಂಬ ನಿರ್ಬಂಧವೇನೂ ಇದರಲ್ಲಿಲ್ಲ. ಹೀಗಿದ್ದರೂ, ಗೃಹೋಪಕರಣಗಳ ಚರಿತ್ರೆಯನ್ನು ಬರೆಯುವವರು ಬಡಗಿಯ ಕೆಲಸವನ್ನೇ ಅಳತೆಗೋಲಾಗಿ ಹಿಡಿಯುವುದುಂಟು. ಮೇಜು, ಕುರ್ಚಿ, ಸೆಳೆಖಾನೆ, ಕಪಾಟುಗಳಿಲ್ಲದ ಮನೆಯಲ್ಲಿ ವಸ್ತುಗಳಿಗೆ ನೆಲೆಯೇ ಇರಲಿಲ್ಲವೆಂದು ಅವರು ಎಣಿಸಿಬಿಡುವರು. ಕೃಷ್ಣಾ ಭೀಮಾ ನದಿಗಳ ಸೀಮೆಯ ಶಹಾಪುರ, ಸುರಪುರ, ಯಾದಗಿರಿಗಳ ಬಯಲಿನ ಒಕ್ಕಲುಮನೆಗಳನ್ನು ನೋಡಿದರೆ ಈ ಎಣಿಕೆ ನಿಲ್ಲುವುದಿಲ್ಲ. ಅಲ್ಲಿ ಮರ ವಿರಳ. ಮಣ್ಣು, ಕಲ್ಲು, ಹಗ್ಗ, ತೊಗರಿಯ ಕಟ್ಟಿಗೆ ಹೇರಳ. ಅಲ್ಲಿಯ ಓರಣ ಈ ಸಾಮಗ್ರಿಗಳಿಂದಲೇ ರೂಪುಗೊಂಡಿತು. ಅದರ ಹೆಸರುಗಳು ಕನ್ನಡದ ಅತ್ಯಂತ ಹಳೆಯ ಮಾತುಗಳಲ್ಲಿ ಸೇರಿವೆ.

ಮನೆಯ ಸಂಗ್ರಹಕ್ರಮವನ್ನು ಧರ್ಮದ ಮಟ್ಟಕ್ಕೇರಿಸಿದವರೆಂದು ಜಗತ್ತಿನಲ್ಲಿ ಹೆಸರಾದವರು ಅಮೆರಿಕದ ಶೇಕರರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಆನ್ ಲೀ ಎಂಬ ಸಾಧ್ವಿ ಕೆಲವೇ ಅನುಯಾಯಿಗಳೊಡನೆ 1774ರಲ್ಲಿ ಸಮುದ್ರ ದಾಟಿ ಹೋದಳು. ಅವಳಿಂದ ಅಲ್ಲಿ ಈ ಪಂಥ ಬೇರೂರಿತು. ಪ್ರಾರ್ಥನಾಕಾಲದಲ್ಲಿ ಭಾವಾವೇಶದಿಂದ ಮೈ ನಡುಗುತ್ತಿದ್ದುದರಿಂದ ಜನ ಇವರಿಗೆ ಈ ಹೆಸರನ್ನಿಟ್ಟರು. ಬ್ರಹ್ಮಚರ್ಯ, ಸಮಷ್ಟಿಯ ಆಸ್ತಿ, ದುಡಿಮೆಯೇ ಪೂಜೆಯೆಂಬ ನಂಬಿಕೆ ಇವು ಮೂರೂ ಅವರ ನಿಯಮಗಳು. ಹ್ಯಾನ್ಕಾಕ್ ಎಂಬಲ್ಲಿ 1830ರಲ್ಲಿ ಅವರು ಕಟ್ಟಿದ ಇಟ್ಟಿಗೆಯ ವಾಸಗೃಹದಲ್ಲಿ ಸುಮಾರು ನೂರು ಮಂದಿಗೆ ಸ್ಥಳವಿತ್ತು. ಗೋಡೆಗಳಲ್ಲೇ ಅಡಗಿಸಿದ ಸೆಳೆಖಾನೆಗಳು 369. ಗೋಡೆಯೊಳಗೇ ಇರುವುದರಿಂದ ಅವುಗಳ ಹಿಂದೆ ಮುಂದೆ ಧೂಳು ಕೂಡಲು ಎಡೆಯಿಲ್ಲ. ಪ್ರತಿ ಕೋಣೆಯ ಸುತ್ತಲೂ ಮರದ ಪಟ್ಟಿಯೊಂದು ಓಡುತ್ತದೆ. ಅದರಲ್ಲಿ ಸಾಲಾಗಿ ಗೂಟಗಳು. ಕಸ ಗುಡಿಸುವಾಗ ಕುರ್ಚಿಗಳನ್ನು ಸಹ ಆ ಗೂಟಗಳಿಗೆ ತೂಗುಹಾಕುವರು. 1845ರ ಅವರ ನಿಯಮಾವಳಿಯು ಬರಿಯ ಅಂದಕ್ಕಾಗಿ ಮಾಡುವ ಕೆತ್ತನೆ ಪಟ್ಟಿಗಳನ್ನು ನಿಷೇಧಿಸಿತು. ಇಂದು ಆ ಪಂಥದಲ್ಲಿ ಉಳಿದಿರುವವರು ಬೆರಳೆಣಿಕೆಯಷ್ಟು ಮಂದಿ. ಅವರ ಪೆಟ್ಟಿಗೆಗಳೂ ಕುರ್ಚಿಗಳೂ ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಈ ದೂರದ ನಿದರ್ಶನವನ್ನು ಇಲ್ಲಿ ತಂದುದಕ್ಕೆ ಕಾರಣವುಂಟು. ಪ್ರತಿಯೊಂದು ವಸ್ತುವಿಗೂ ಒಂದು ನೆಲೆ ಇರಬೇಕು, ಆ ನೆಲೆಗೆ ಒಂದು ನೀತಿ ಇರಬೇಕು ಎಂಬ ಭಾವನೆ ಅವರಲ್ಲಿ ಬರವಣಿಗೆಯ ಶಾಸನವಾಗಿತ್ತು. ಶಹಾಪುರದ ಒಕ್ಕಲುಮನೆಯಲ್ಲಿ ಅದೇ ಭಾವನೆ ಬರೆಯದ ಶಾಸನವಾಗಿ, ಹೆಂಗಸರ ಕೈಯಿಂದ ಕೈಗೆ ಸಾಗಿಬಂದಿತು.

ಆ ಮನೆಯ ಗೋಡೆಗಳು ಕಲ್ಲುಮಣ್ಣಿನವು, ಬಲು ದಪ್ಪ. ಮೇಲೆ ಜಂತೆಗಳನ್ನು ಹಾಸಿ ಮಣ್ಣು ಮೆತ್ತಿದ ಮಟ್ಟಸವಾದ ಮಾಳಿಗೆ. ಮನೆಯ ವಿಸ್ತಾರವನ್ನು ಎರಡು ಕಂಬಗಳ ನಡುವಿನ ತೆರಪಾದ ಅಂಕಣಗಳಿಂದ ಎಣಿಸುವರು. ಹಲವು ಮನೆಗಳಲ್ಲಿ ಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳು, ಎತ್ತರದಲ್ಲಿ ಪಡಸಾಲೆ, ಅದರಾಚೆ ಅಡುಗೆಮನೆ, ದೇವರ ಜಗಲಿ. ಹೊಲದಿಂದ ಬಂದ ಜೋಳ ಈ ಮನೆಯಲ್ಲಿ ಒಂದೇ ಕಡೆ ನಿಲ್ಲುವುದಿಲ್ಲ. ಮೊದಲು ಕಣದಲ್ಲಿಯೇ ಬಡಿಗ, ಕಮ್ಮಾರ, ಕುಂಬಾರ ಮೊದಲಾದವರ ಆಯ ಅಳೆದುಹೋಗುವುದು. ಮನೆಗೆ ಬಂದುದು ಮೂರು ನಾಲ್ಕು ಪಾಲಾಗಿ ಬೇರೆ ಬೇರೆ ನೆಲೆಗಳನ್ನು ಸೇರುವುದು. ಈ ವಿಂಗಡಣೆ ಕಾಲವನ್ನು ಅನುಸರಿಸಿದ್ದು: ಇಂದಿಗೆ ಬೇಕಾದುದು, ಈ ವರ್ಷಕ್ಕೆ ಬೇಕಾದುದು, ಬರುವ ಮುಂಗಾರಿಗೆ ಬೀಜವಾಗಬೇಕಾದುದು, ಯಾವಾಗ ಬೇಕಾಗುವುದೋ ತಿಳಿಯದುದು.

ಯಾವಾಗ ಬೇಕಾಗುವುದೋ ತಿಳಿಯದ ಜೋಳದ ನೆಲೆ ಹಗೇವು. ಹಗೇವೆಂದರೆ ನೆಲದೊಳಗಿನ ಧಾನ್ಯದ ಕುಳಿ. ಬಾಯಿ ಕಿರಿದು, ಒಳಗೆ ಅಗಲ. ಎರೆಭೂಮಿಯು ನೀರು ಹಿಡಿದು ಹಿಗ್ಗುವುದು, ಒಣಗಿ ಬಿರಿಯುವುದು. ಆದುದರಿಂದ ಊರಿನ ಎತ್ತರದ ಗಟ್ಟಿನೆಲವನ್ನು ನೋಡಿ, ಇಲ್ಲವೆ ಮನೆಯ ಮುಂದಿನ ಅಂಗಳದಲ್ಲಿ, ಇದನ್ನು ತೋಡುವರು. ಒಳಮೈಗೆ ಒಣಹುಲ್ಲು ಕಣಿಕೆಗಳನ್ನು ಒತ್ತಾಗಿ ಹೊದಿಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲನ್ನಿಟ್ಟು ಮಣ್ಣಿನಿಂದ ಮುಚ್ಚುವರು. ಆ ಮೇಲೆ ಅದರ ಮೇಲೆ ಬಂಡಿ ಹಾಯ್ದರೂ ಬಾಧೆಯಿಲ್ಲ. ಒಳಗಿನ ಕಾಳು ಉಸಿರಾಡುತ್ತ ಕುಳಿಯ ಪ್ರಾಣವಾಯುವನ್ನು ಮುಗಿಸಿಬಿಡುತ್ತದೆ, ಅಂಗಾರಾಮ್ಲವಾಯು ತುಂಬುತ್ತದೆ, ಹುಳುಗಳು ಬದುಕಲಾರವು. ಔಷಧವಿಲ್ಲದೆ ಜೋಳವು ವರ್ಷಗಳ ಕಾಲ ಉಳಿಯುವ ಗುಟ್ಟು ಇದೇ. ಈ ಗುಟ್ಟೇ ಪ್ರಾಣಾಪಾಯವೂ ಹೌದು. ಹಗೇವನ್ನು ತೆರೆದೊಡನೆ ಇಳಿದವನು ಮೇಲಕ್ಕೆ ಬರದೆ ಹೋದ ಸಂದರ್ಭಗಳುಂಟು. ಬಾಯಿ ತೆರೆದು ಗಾಳಿ ಆಡಲು ಬಿಟ್ಟು, ದೀಪವನ್ನಿಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯನು ಇಳಿಯಬೇಕು ಎಂಬ ಕಟ್ಟಳೆ ಹುಟ್ಟಿದುದು ಇದರಿಂದಲೇ.

ಹಗೇವಿನ ಜೋಳಕ್ಕೆ ಎರಡು ದೋಷಗಳುಂಟು. ಗೋಡೆಗೆ ತಾಗಿದ ಕಾಳು ಮುಗ್ಗಿ ವಾಸನೆ ಹಿಡಿಯುತ್ತದೆ. ರೊಟ್ಟಿಯಲ್ಲಿಯೂ ಆ ವಾಸನೆ ಹೋಗದು. ಎರಡನೆಯದಾಗಿ, ಒಳಗಿನ ಕಾವು ತೇವಗಳಿಂದ ಕಾಳಿನ ಮೊಳೆಯುವ ಶಕ್ತಿ ಕುಂದುತ್ತದೆ. ತಿನ್ನಲು ಬಂದರೂ ಅದು ಬಿತ್ತಲು ಬಾರದು. ಬೀಜದ ಕಾಳಿಗೆ ಬೇರೆ ನೆಲೆಯನ್ನು ಗೊತ್ತುಮಾಡಿದುದು ಈ ಕಾರಣದಿಂದ. ಬೀಜವನ್ನು ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಗಡಿಗೆಗಳಲ್ಲಿ ಇಟ್ಟು ಬಾಯಿಗೆ ಮಣ್ಣು ಮೆತ್ತುವರು. ತರಕಾರಿಯ ಬೀಜಗಳು ಒಣಗಿದ ಸೋರೆಬುರುಡೆಯಲ್ಲಿರುವುವು. ತೊಗರಿಯ ಕಾಳಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದುಂಟು. ಮನೆಯಲ್ಲಿ ಎಷ್ಟೇ ಹಸಿವಿದ್ದರೂ ಬೀಜದ ಗಡಿಗೆಗೆ ಕೈಹಾಕುವುದು ಕೊನೆಯ ಗತಿ. 1791–92ರ ಡೋಗಿ ಬರ, 1876–78ರ ಮಹಾಕ್ಷಾಮ ಇವುಗಳ ನೆನಪು ಬಹುಕಾಲ ಉಳಿದ ನಾಡಿನಲ್ಲಿ ಈ ಕಟ್ಟಳೆಯ ತೂಕವನ್ನು ವಿವರಿಸಬೇಕಾಗಿಲ್ಲ. ಬೀಜವನ್ನು ತಿಂದ ಮನೆಗೆ ಮಳೆ ಬಂದರೂ ಬರ ತಪ್ಪದು.

ವರ್ಷದ ಬಳಕೆಯ ಜೋಳಕ್ಕೆ ಕಣಜ. ತೊಗರಿಯ ಕಟ್ಟಿಗೆಯನ್ನಾಗಲಿ ಬಿದಿರಸೀಳನ್ನಾಗಲಿ ದುಂಡಗೆ ಹೆಣೆದು, ಒಳಗೂ ಹೊರಗೂ ಸೆಗಣಿ ಮಣ್ಣುಗಳನ್ನು ಸಾರಿಸಿ, ಇಲಿಗೆ ಎಡೆಯಿಲ್ಲದಂತೆ ಕಲ್ಲಿನ ಮೇಲೆ ನಿಲ್ಲಿಸುವರು. ದಿನದ ಬಳಕೆಗೆ ಸೇರು, ಪಾವು, ಚಟಾಕುಗಳ ಅಳತೆಯಲ್ಲಿ ಅಡುಗೆಮನೆಗೆ ಬರುವುದು ಇದರಿಂದ. ಹಿಟ್ಟನ್ನು ಮಾತ್ರ ಕೂಡಿಡುವ ಪದ್ಧತಿಯಿಲ್ಲ. ಜೋಳದ ಹಿಟ್ಟು ಹಳತಾದರೆ ಕಹಿಯಾಗುತ್ತದೆ, ಜಿಗಿ ಕಳೆದುಕೊಳ್ಳುತ್ತದೆ, ರೊಟ್ಟಿ ಬಡಿಯುವಾಗ ಹರಿಯುತ್ತದೆ. ಅದಕ್ಕಾಗಿ ಬೆಳಗಿನ ಜಾವದ ಬೀಸುವಿಕೆ. ಅದರೊಡನೆ ಹುಟ್ಟಿದ ಬೀಸುವ ಪದಗಳ ರಾಶಿ. ಜನಪದ ಗೀತಗಳ ಒಂದು ದೊಡ್ಡ ಭಾಗವು, ಜೋಳದ ಹಿಟ್ಟು ಕೂಡಿಡಲು ಬಾರದ ವಸ್ತುವಾದುದರಿಂದ ನಮಗೆ ದೊರೆಯಿತೆಂದರೆ ಅತಿಶಯೋಕ್ತಿಯಾಗದು. ಹಿಟ್ಟು ಉಳಿಯದಿದ್ದರೂ, ಸುಟ್ಟು ಒಣಗಿಸಿದ ಕಟಕರೊಟ್ಟಿ ವಾರಗಟ್ಟಲೆ ಉಳಿಯುತ್ತದೆ. ಬುಟ್ಟಿಯಲ್ಲಿ ಬಟ್ಟೆ ಹಾಸಿ ಒಂದರ ಮೇಲೊಂದನ್ನು ಇಡುವರು.

ಇನ್ನು ಅಡುಗೆಮನೆಯ ಅಡಕಲು. ಇದು ಈ ಸೀಮೆಯ ನಿಜವಾದ ಸೆಳೆಖಾನೆ. ನೆಲದ ಮೇಲೆ ಸಿಂಬೆ, ಅದರ ಮೇಲೆ ದೊಡ್ಡ ಗಡಿಗೆ, ಅದರ ಮೇಲೆ ಅದಕ್ಕಿಂತ ಚಿಕ್ಕದು, ಹೀಗೆ ಏರುತ್ತ ಹೋಗಿ ತುದಿಯಲ್ಲಿ ಅಂಗೈಯಗಲದ ಕುಡಿಕೆ. ಪ್ರತಿ ಗಡಿಗೆಯ ತಳವೇ ಕೆಳಗಿನ ಗಡಿಗೆಯ ಮುಚ್ಚಳ. ಗೋಡೆಯುದ್ದಕ್ಕೂ ಇಂತಹ ಸಾಲುಗಳು ನಿಂತಿರುವುದನ್ನು ಕಂಡರೆ ‘ಓರಣ’ಕ್ಕೆ ಬೇರೆ ವ್ಯಾಖ್ಯಾನ ಬೇಡ. ಅಡಕಲಿನ ಕ್ರಮದಲ್ಲಿ ಒಂದು ತರ್ಕವುಂಟು. ಕೆಳಗಿನದನ್ನು ತೆಗೆಯಬೇಕಾದರೆ ಮೇಲಿನದೆಲ್ಲವನ್ನೂ ಇಳಿಸಬೇಕು. ಆದುದರಿಂದ ಅಪರೂಪಕ್ಕೆ ಬೇಕಾದ ಕಾಳು ತಳದಲ್ಲಿ; ದಿನವೂ ಬೇಕಾದ ಉಪ್ಪು, ಸಾಸಿವೆ, ಜೀರಿಗೆ ತುದಿಯಲ್ಲಿ. ಯಾವುದರಲ್ಲಿ ಏನಿದೆಯೆಂದು ಬರೆದ ಚೀಟಿಯಿಲ್ಲ, ಅಂಕೆಯಿಲ್ಲ. ಹೊಸದಾಗಿ ಬಂದ ಸೊಸೆ ಅದನ್ನು ಕೆಲವು ದಿನಗಳಲ್ಲಿ ಬಾಯಿಪಾಠದಂತೆ ಕಲಿಯುವಳು. ಕತ್ತಲೆಯಲ್ಲಿಯೂ ಅವಳ ಕೈ ತಪ್ಪದು.

ಈ ‘ಅಡಕಲು’ ಶಬ್ದದ ಮೇಲೆ ಪಂಡಿತರು ಸ್ವಲ್ಪ ಹೊತ್ತು ನಿಲ್ಲಬೇಕು. ಇದರ ಹಳೆಯ ರೂಪ ‘ಅಡಕಿಲ್’. ‘ಅಡಕು’ ಎಂದರೆ ಒತ್ತಾಗಿ ಜೋಡಿಸು, ಪೇರಿಸು. ಇದರ ಮಗ್ಗುಲಲ್ಲಿಯೇ ‘ಅಡಗು’ ಎಂಬ ಧಾತುವಿದೆ: ಒಳಸೇರು, ಮರೆಯಾಗು, ತಗ್ಗು. ‘ಅಡಕ’ವೆಂದರೆ ಸಂಕ್ಷೇಪ, ತಮಿಳಿನ ‘ಅಡಕ್ಕಂ’ ಎಂದರೆ ಆತ್ಮಸಂಯಮ. ಮೂಲದಲ್ಲಿ ಇವು ಒಂದೇ ಧಾತುವೋ ಎರಡೋ ಎಂಬುದನ್ನು ನಿಘಂಟುಕಾರರು ವಿಚಾರಿಸಲಿ. ಮಾತಾಡುವವನ ಕಿವಿಯಲ್ಲಂತೂ ಅವು ಒಂದನ್ನೊಂದು ಮುಟ್ಟಿ ನಿಂತಿವೆ. ಗಡಿಗೆಯನ್ನು ಗಡಿಗೆಯ ಮೇಲೆ ಪೇರಿಸುವ ಕೆಲಸ, ಅಲ್ಪ ಸ್ಥಳದಲ್ಲಿ ಬಹಳವನ್ನು ಹಿಡಿಸುವ ಜಾಣ್ಮೆ, ತನ್ನನ್ನು ತಾನು ತಗ್ಗಿಸಿಕೊಳ್ಳುವ ಶೀಲ ಈ ಮೂರೂ ಅಕ್ಕಪಕ್ಕದ ಶಬ್ದಗಳಲ್ಲಿ ದೊರೆಯುತ್ತವೆ. ಶೇಕರರು ನಿಯಮ ಬರೆದು ಸಾಧಿಸಲೆಳಸಿದ ಸಂಬಂಧವನ್ನು ಕನ್ನಡವು ಬಹು ಹಿಂದೆಯೇ ತನ್ನ ಶಬ್ದಭಂಡಾರದಲ್ಲಿ ಇಟ್ಟುಕೊಂಡಿದೆ.

ಹಾಲು, ಮೊಸರು, ಬೆಣ್ಣೆಗಳ ನೆಲೆ ನೆಲುವು. ಮೇಲಿನ ತೊಲೆಯಿಂದ ಹಗ್ಗದ ಜಾಲಿಯನ್ನು ಇಳಿಬಿಟ್ಟು ಅದರಲ್ಲಿ ಗಡಿಗೆಯನ್ನಿಡುವರು. ಬೆಕ್ಕಿಗೆ ಎಟುಕದು, ಇರುವೆ ಹತ್ತುವುದು ಕಷ್ಟ, ಗಾಳಿ ಸುತ್ತಲೂ ಆಡುವುದು. ಬಾಲಕೃಷ್ಣನ ಬೆಣ್ಣೆಕಳವಿನ ಪ್ರಸಂಗವನ್ನು ಪಾಠ ಹೇಳುವ ಉಪಾಧ್ಯಾಯರಿಗೆ ಇದು ಚೆನ್ನಾಗಿ ಗೊತ್ತು. ಒರಳನ್ನು ಬೋರಲು ಹಾಕಿ, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ, ಕೋಲಿನಿಂದ ಗಡಿಗೆಗೆ ತೂತುಮಾಡುವ ಹುಡುಗಾಟವೆಲ್ಲ ನೆಲುವಿನ ಎತ್ತರವನ್ನು ಅವಲಂಬಿಸಿದೆ. ಬೆಣ್ಣೆ ಕಪಾಟಿನಲ್ಲಿರುತ್ತಿದ್ದರೆ ಕಥೆಯ ಸ್ವಾರಸ್ಯ ಅರ್ಧಕ್ಕೆ ಇಳಿಯುತ್ತಿತ್ತು!

ದಪ್ಪಗೋಡೆಯಲ್ಲಿ ಕಟ್ಟುವಾಗಲೇ ಬಿಡುವ ಗೂಡಿಗೆ ಇಲ್ಲಿ ‘ಮಾಡ’ವೆನ್ನುವರು. ದೀಪಕ್ಕೊಂದು, ದೇವರ ವಿಭೂತಿಗೊಂದು, ಬಾಚಣಿಗೆ ಕನ್ನಡಿಗಳಿಗೊಂದು. ಹಳಗನ್ನಡ ಕಾವ್ಯಗಳಲ್ಲಿ ಮಾಡವೆಂದರೆ ಉಪ್ಪರಿಗೆ, ಸೌಧ. ಈ ಸೀಮೆಯ ವಿದ್ಯಾರ್ಥಿ ಕಾವ್ಯದ ಮಾಡವನ್ನು ಗೋಡೆಯ ಗೂಡೆಂದು ತಿಳಿದು ತಬ್ಬಿಬ್ಬಾಗುವುದು ಸಹಜ. ಆದರೆ ತಮಿಳಿನಲ್ಲಿಯೂ ಈ ಎರಡರ್ಥಗಳು ಕೂಡಿಯೇ ಬರುವುದರಿಂದ ವಿದ್ಯಾರ್ಥಿಯ ಮಾತನ್ನು ಅಪಭ್ರಂಶವೆಂದು ತಳ್ಳಿಹಾಕಲಾಗದು. ಹಗೇವಿಗೂ ಇಂತಹುದೇ ಕಷ್ಟ. ‘ಹಗ’, ‘ಹಗೆ’ ಎಂಬ ರೂಪಗಳೂ ಈ ಕುಳಿಗೆ ಉಂಟು. ಹಗೆಯೆಂದರೆ ಶತ್ರುವೆಂದಷ್ಟೇ ಬಲ್ಲವನಿಗೆ ‘ಹಗೆಯಲ್ಲಿ ತುಂಬಿದ ಜೋಳ’ ಎಂಬುದು ಒಗಟಾಗುತ್ತದೆ. 1894ರಲ್ಲಿ ಮಂಗಳೂರಿನಿಂದ ಹೊರಟ ಕಿಟ್ಟೆಲರ ಕೋಶವನ್ನು ತೆರೆದು ತೋರಿಸಿದಲ್ಲದೆ ಈ ಗೊಂದಲ ಹರಿಯದು.

ಗೋಡೆಯ ಗೂಟಗಳ ವಿಷಯದಲ್ಲಿ ಶೇಕರರಿಗೂ ಕನ್ನಡಿಗರಿಗೂ ಇರುವ ಅಂತರ ಎದ್ದು ಕಾಣುತ್ತದೆ. ಅವರ ಗೂಟ ನುಣುಪಾದ ಬರಿಯ ಗೂಟ. ಇಲ್ಲಿಯದು ಗಿಣಿಗೂಟ. ಸ್ವಲ್ಪ ಅನುಕೂಲವಂತರಾದರೆ, ಪಡಸಾಲೆಯ ಗೋಡೆಯಿಂದ ಮರದ ಗಿಣಿಯೊಂದು ಕತ್ತು ಚಾಚಿರುತ್ತದೆ. ಅದರ ಕೊರಳಿಗೆ ಬಾರುಕೋಲು, ರುಮಾಲು, ಕಂಬಳಿ. ಅಂದವು ಉಪಯೋಗಕ್ಕೆ ಅಡ್ಡಿಯೆಂದು ಇಲ್ಲಿ ಯಾರಿಗೂ ತೋರಲಿಲ್ಲ. ಮರ ದುರ್ಲಭವಾದ ನಾಡಿನಲ್ಲಿ, ಇದ್ದ ತುಂಡು ಮರವನ್ನು ಹಕ್ಕಿಯಾಗಿಸಿದ ಬಡಿಗನ ಪಕ್ಷವನ್ನೇ ರಸಿಕರು ಹಿಡಿಯಬೇಕು.

ಈ ಓರಣವನ್ನು ಹೊಗಳುವಾಗ ಅದರ ಇನ್ನೊಂದು ಮುಖವನ್ನು ಮರೆಮಾಚುವುದು ಯುಕ್ತವಲ್ಲ. ವಸ್ತುವಿನ ನೆಲೆಯನ್ನು ಬಲ್ಲವರಿಗೆ ಮನೆಯ ಮೇಲೆ ಅಧಿಕಾರ. ಕಣಜದ ಅಳತೆಯ ಸೇರು ಅತ್ತೆಯ ಕೈಯಲ್ಲಿ. ಸಂದೂಕದ ಕೀಲಿಕೈ ಅವಳ ಸೊಂಟದಲ್ಲಿ. ಸೊಸೆ ಬೀಸುವಳು, ಬಡಿಯುವಳು, ಅಳೆದುಕೊಳ್ಳುವಂತಿಲ್ಲ. ಕೀಲಿಕೈ ಯಾವಾಗ ಕೈಬದಲಾಯಿತೆಂಬುದು ಒಂದು ಮನೆತನದ ಚರಿತ್ರೆಯಲ್ಲಿ ರಾಜ್ಯದ ಉತ್ತರಾಧಿಕಾರಕ್ಕೆ ಸಮಾನವಾದ ಸಂಗತಿ. ಅದಕ್ಕೆ ಪ್ರತಿಯಾಗಿ ಹೆಂಗಸರು ಅಡಕಲಿನ ನಡುವೆ, ಬೇಳೆಯ ಗಡಿಗೆಯಲ್ಲಿ, ಸಾಸಿವೆಯ ಕುಡಿಕೆಯಲ್ಲಿ ನಾಲ್ಕು ಕಾಸನ್ನು ಬಚ್ಚಿಡುತ್ತಿದ್ದರು. ಗಂಡಸರು ಮುಟ್ಟದ ನೆಲೆ ಅದೊಂದೇ. ಆಸ್ತಿಯ ಹಕ್ಕಿಲ್ಲದ ಹೆಣ್ಣುಮಗಳಿಗೆ ಅದು ಒಂದು ಬಗೆಯ ಸ್ವಾತಂತ್ರ್ಯ. ಇನ್ನು ಹಗೇವು ಶ್ರೀಮಂತನ ಅಂಗಳದಲ್ಲಿದ್ದರೆ ಬರಗಾಲದಲ್ಲಿ ಅದರ ಬಾಯಿ ತೆರೆಯುವುದೂ ತೆರೆಯದಿರುವುದೂ ಊರಿನ ಬದುಕುಸಾವುಗಳ ಪ್ರಶ್ನೆಯಾಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೈದರಾಬಾದ್ ಸಂಸ್ಥಾನವು ಕಡ್ಡಾಯವಾಗಿ ಧಾನ್ಯವಸೂಲಿ ಮಾಡಿತು. ಅಂತಹ ದಿನಗಳಲ್ಲಿ ನೆಲದೊಳಗಿನ ಕುಳಿಯು ಸಂಗ್ರಹದ ನೆಲೆ ಮಾತ್ರವಲ್ಲದೆ ಮರೆಯ ನೆಲೆಯೂ ಆಗಬಲ್ಲುದು.

ಕೂಡಿಡುವುದಕ್ಕೂ ಕೂಡಿಹಾಕುವುದಕ್ಕೂ ಎಲ್ಲಿ ಗೆರೆ ಎಂಬ ಈ ಪ್ರಶ್ನೆಯನ್ನು ಈ ಸೀಮೆಯ ಶರಣರೇ ಎತ್ತಿದ್ದಾರೆ. ಲಿಂಗಸುಗೂರು ಪ್ರಾಂತದ ಅಮರೇಶ್ವರದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆ ಸಾಹಿತ್ಯಾಭ್ಯಾಸಿಗಳಿಗೆ ಸುಪರಿಚಿತ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳದೆ ಮರಳಿ ಕಳುಹಿಸಿದಳು. ಶೂನ್ಯಸಂಪಾದನೆಯು ಈ ದಂಪತಿಗಳಿಗೆ ಬೇರೆ ಪ್ರಕರಣವನ್ನೇ ಮೀಸಲಾಗಿಟ್ಟಿದೆ. ಈ ಕಥೆಯನ್ನು ವೈರಾಗ್ಯದ ಉದಾಹರಣೆಯೆಂದು ಹೇಳುವುದು ವಾಡಿಕೆ. ಆದರೆ ಅಲ್ಲಿ ಆಡುತ್ತಿರುವವಳು ಗೃಹಿಣಿ ಎಂಬುದನ್ನು ಮರೆಯಬಾರದು. ತನ್ನ ಮನೆಯ ಗಡಿಗೆ ಎಷ್ಟು ಹಿಡಿಯಬೇಕೆಂದು ಅವಳಿಗೆ ಗೊತ್ತು. ಅದಕ್ಕೆ ಮಿಕ್ಕುದಕ್ಕೆ ತನ್ನ ಮನೆಯಲ್ಲಿ ನೆಲೆಯಿಲ್ಲವೆಂದು ಅವಳು ತೀರ್ಪು ಕೊಟ್ಟಳು. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನ ಕಥೆ ಇದಕ್ಕೆ ಜೊತೆಯಾಗಿದೆ. ನೆಯ್ದ ಬಟ್ಟೆಯನ್ನು ಜಂಗಮನಿಗೆ ಕೊಟ್ಟ ದಾಸಿಮಯ್ಯನಿಗೆ ಶಿವನು ಬಳಸಿದಷ್ಟೂ ತೀರದ ತವನಿಧಿಯನ್ನು ಕರುಣಿಸಿದನೆಂದೂ, ಅದಕ್ಕಾಗಿ ಗರ್ವಪಟ್ಟಾಗ ಅದು ಬರಿದಾಯಿತೆಂದೂ ಪುರಾಣಗಳು ಹೇಳುವುವು. ಜೋಳವನ್ನು ಸೇರಿನಿಂದ ಅಳೆದು ಬಾಳುವ ನಾಡಿನಲ್ಲಿ ಹುಟ್ಟಿದ ಸಂತನಿಗೆ ತೀರದ ಸಂಗ್ರಹವೇ ಪರೀಕ್ಷೆಯಾಗಿ ಬಂದುದು ಗಮನಾರ್ಹ.

ಈ ಸೀಮೆಗೆ ಮರದ, ಲೋಹದ ಪೆಟ್ಟಿಗೆಗಳು ಬಂದ ಕ್ರಮವನ್ನು ಶಬ್ದಗಳೇ ಹೇಳುತ್ತವೆ. ‘ಕರಡಿಗೆ’ ಸಂಸ್ಕೃತದ ಕರಂಡಕ. ಎದೆಯ ಮೇಲೆ ಇಷ್ಟಲಿಂಗವನ್ನು ಕಾಯುವ ಈ ಕಿರುಸಂಪುಟವೇ ಲಿಂಗವಂತರ ಮೊದಲ ಪೆಟ್ಟಿಗೆ. ‘ಸಂದೂಕ’ ಅರಬ್ಬೀ ಮೂಲದ್ದು, ದಖ್ಖನಿನ ದರಬಾರಿನ ಭಾಷೆಯೊಡನೆ ಬಂದಿತು. ‘ಕಪಾಟು’ ಸಂಸ್ಕೃತದಲ್ಲಿ ಬಾಗಿಲಿನ ಹಲಗೆ. ಮರಾಠಿಯ ನೆರೆಯಲ್ಲಿ ಅದು ಬಾಗಿಲುಳ್ಳ ಪೆಟ್ಟಿಗೆಯಾಯಿತು. ‘ಅಲಮಾರು’ ಪೋರ್ತುಗೀಸರದು, ‘ಬೀರು’ ಫ್ರೆಂಚರ ಬರೆಯುವ ಮೇಜಿನ ಹೆಸರು, ‘ಟ್ರಂಕು’ ಇಂಗ್ಲಿಷು. ಈ ಸಾಲಿನಲ್ಲಿ ಅಚ್ಚಗನ್ನಡದ ಒಂದು ಮಾತೂ ಇಲ್ಲ. ಕನ್ನಡದವು ಅಡಕಲು, ನೆಲುವು, ಹಗೇವು, ಗೂಡು, ಬುಟ್ಟಿ, ಗಂಟು.

ಆ ಕನ್ನಡದ ನೆಲೆಗಳು ಒಂದು ತಲೆಮಾರಿನಲ್ಲಿ ಬಹುಮಟ್ಟಿಗೆ ಬರಿದಾದುವು. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ಕಾಲುವೆಗಳು ಈ ಬಯಲಿಗೆ ಹರಿದುವು. ಶಹಾಪುರದ ಬಳಿಯ ಭೀಮರಾಯನಗುಡಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾರ್ಯಸ್ಥಾನಗಳಲ್ಲೊಂದಾಯಿತು. ಕಾಲುವೆಯ ನೀರು ಮುಟ್ಟುವ ಭೂಮಿಗೆ ಕನ್ನಡದಲ್ಲಿ ‘ಅಚ್ಚುಕಟ್ಟು’ ಎಂದೇ ಹೆಸರು. ಮನೆಯ ಓರಣಕ್ಕೂ ಅದೇ ಹೆಸರು. ಹೊಲಕ್ಕೆ ಒಂದು ಅಚ್ಚುಕಟ್ಟು ಬಂದಾಗ ಮನೆಯ ಅಚ್ಚುಕಟ್ಟು ಬದಲಾಯಿತು. ಜೋಳದ ಹೊಲಗಳಲ್ಲಿ ಅನೇಕವು ಬತ್ತ ಹತ್ತಿಗಳ ಹೊಲಗಳಾದುವು. ಅವು ಮಾರಾಟದ ಬೆಳೆಗಳು. ಕಣದಿಂದಲೇ ಗಿರಣಿಯ ದಾರಿ ಹಿಡಿಯುವುವು, ಮನೆಯೊಳಗೆ ನೆಲೆ ಕೇಳುವುದಿಲ್ಲ. ಬೀಜ ಅಂಗಡಿಯಿಂದ ಬರುತ್ತದೆ, ಅಕ್ಕಿ ಪಡಿತರದಿಂದ. ಬರಕ್ಕೆ ಹೆದರಿ ನೆಲ ತೋಡಬೇಕಾದ ಅವಶ್ಯಕತೆ ತಪ್ಪಿದುದು ದೊಡ್ಡ ಪುಣ್ಯ. ಹಗೇವಿನ ಮುಗ್ಗಿದ ರೊಟ್ಟಿಗಾಗಿ ಯಾರೂ ಹಂಬಲಿಸಬೇಕಾಗಿಲ್ಲ.

ಶೇಕರರ ಸೆಳೆಖಾನೆಗಳು ಮರದವಾದುದರಿಂದ ಉಳಿದುವು. ಅವನ್ನು ಕೊಂಡು ಕಾಪಾಡುವವರೂ ದೊರೆತರು. ಅಡಕಲು ಮಣ್ಣಿನದು. ಒಂದು ಗಡಿಗೆ ಒಡೆದರೆ ಕುಂಬಾರನಿಂದ ಇನ್ನೊಂದು ಬರುತ್ತಿತ್ತು; ಕುಂಬಾರನ ಆಯ ನಿಂತ ಮೇಲೆ ಅದೂ ಇಲ್ಲ. ಹಿತ್ತಾಳೆ, ಉಕ್ಕು, ಪ್ಲಾಸ್ಟಿಕ್ಕಿನ ಡಬ್ಬಿಗಳು ಮುಚ್ಚಳ ಹೊತ್ತು ಹಲಗೆಯ ಮೇಲೆ ನಿಂತಿವೆ. ಒಂದರ ತಳ ಇನ್ನೊಂದಕ್ಕೆ ಮುಚ್ಚಳವಾಗುವ ಪ್ರಸಂಗವಿಲ್ಲ. ಮಾಳಿಗೆಯ ಹಳೆಯ ಮನೆಗಳನ್ನು ಕೆಡವಿ ಸಿಮೆಂಟಿನ ಮನೆ ಕಟ್ಟುವಾಗ ಅಂಗಳದ ಹಾಸುಗಲ್ಲು ಕದಲಿ ಹಗೇವಿನ ಬಾಯಿ ಕಾಣಿಸುವುದುಂಟು. ಕೆಲಸಗಾರರು ಕೆಡವಿದ ಗೋಡೆಯ ಮಣ್ಣನ್ನೇ ಅದಕ್ಕೆ ಸುರಿಯುವರು. ಗೋಡೆಯ ಮಾಡಗಳೂ ಗಿಣಿಗೂಟದ ತೂತುಗಳೂ ಆ ಮಣ್ಣಿನೊಡನೆ ಕುಳಿಗೆ ಹೋಗುವುವು.